ದೋಣಿಯಲ್ಲಿ ಇಲ್ಲದ ಮಕ್ಕಳು

ಈ ಸಲದ ಪ್ರಬಂಧ ಒಂದು ಹಳೇ ಮಕ್ಕಳ ಪುಸ್ತಕದ ಬಗ್ಗೆ. ಇದರಲ್ಲಿ ನನ್ನದೊಂದು ಸ್ವಾರ್ಥವೂ ಇದೆ, ಮೊದಲೇ ಹೇಳಿಬಿಡ್ತೀನಿ.

ಮಗಳಿಗೆ ರಾತ್ರಿ ಮಲಗುವಾಗ ಹೇಳುತ್ತಿದ್ದ ಕತೆಯನ್ನು ಕಳೆದ ವರ್ಷ ಕನ್ನಡದಲ್ಲೇ ಕಾದಂಬರಿಯಾಗಿ ಬರೆದೆ. ಒಂದು ಮಾಯಾಬಾವಿ, ಮಾತಾಡುವ ಮುಂಗುಸಿ, ನೆಲದ ಕೆಳಗೆ ನಡೆಯುವ ಸಂತೆ. ಬೆಂಗಳೂರಿನಲ್ಲಿ ಸ್ವಂತ ಖರ್ಚಿನಲ್ಲಿ 200 ಪ್ರತಿ ಅಚ್ಚು ಹಾಕಿಸಿ, 40 ಪ್ರತಿಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಇಂಗ್ಲೆಂಡಿಗೆ ತಂದೆ. ಓದಿದವರೆಲ್ಲ 'ಸೂಪರ್' ಅಂದರು. ಆದರೆ ಓದಿದವರು ಯಾರು? ಹೆಂಡತಿ, ಅಕ್ಕ, ಇಬ್ಬರು ಗೆಳೆಯರು, ಮತ್ತೆ ಮಗಳು. ಆ ಮುಂಗುಸಿ ಅಜ್ಜಿ ಮನೆ ಹಿತ್ತಲಲ್ಲಿ ಅವಳೇ ಕಂಡ ಮುಂಗುಸಿ. ಅವಳಿಗೆ ಇಷ್ಟ ಆಗದೇ ಇರುತ್ತಾ?

ನನ್ನ ಕೆಲಸ ಡೇಟಾ ಸೈನ್ಸ್. ಯಾವ ಡೇಟಾದಿಂದ ಮಾಡೆಲ್‌ಗೆ ಕಲಿಸಿದೆವೋ ಅದೇ ಡೇಟಾದಿಂದ ಅದನ್ನು ಪರೀಕ್ಷೆ ಮಾಡಬಾರದು ಅನ್ನೋದು ನಮ್ಮಲ್ಲಿ ಮೊದಲ ಪಾಠ. ಪ್ರಶ್ನೆಪತ್ರಿಕೆಯನ್ನು ಹಿಂದಿನ ದಿನವೇ ಕೊಟ್ಟು ಪರೀಕ್ಷೆ ನಡೆಸಿದ ಹಾಗಾಗುತ್ತೆ. ನಾನು ಮಾಡಿದ್ದು ಅದನ್ನೇ. ಇದೇ ಯೋಚನೆಯಲ್ಲಿದ್ದಾಗ, ಇಲ್ಲಿನ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಒಂದು ಕತೆ ನೆನಪಾಯಿತು.

1862ರ ಜುಲೈ 4. ಆಕ್ಸ್‌ಫರ್ಡ್‌ನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್, ಗೆಳೆಯ ಡಕ್‌ವರ್ತ್ ಜೊತೆ ಮೂವರು ಹುಡುಗಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಥೇಮ್ಸ್ ನದಿಯಲ್ಲಿ ಗಾಡ್‌ಸ್ಟೋ ಕಡೆ ಹೊರಟರು. ಲೊರೀನಾ, ಆಲಿಸ್, ಈಡಿತ್ ಲಿಡೆಲ್ ಅಂತ ಆ ಅಕ್ಕ ತಂಗಿಯರ ಹೆಸರು. ದಾರಿಯುದ್ದಕ್ಕೂ ಡಾಡ್ಜ್‌ಸನ್ ಒಂದು ಕತೆ ಕಟ್ಟಿ ಹೇಳಿದರು. ಹತ್ತು ವರ್ಷದ ಆಲಿಸ್, ಅದನ್ನು ಬರೆದುಕೊಡಿ ಅಂತ ಹಟ ಹಿಡಿದಳು. ಡಾಡ್ಜ್‌ಸನ್ ಅಂದರೆ ಮುಂದೆ ಲೂಯಿಸ್ ಕ್ಯಾರಲ್ ಅಂತ ಹೆಸರಾದವರು. ಕತೆ 'ಆಲಿಸ್ ಇನ್ ವಂಡರ್‌ಲ್ಯಾಂಡ್'.

ಆ ಕತೆಯ ತುಂಬ ದೋಣಿಯಲ್ಲಿದ್ದವರೇ ಇದ್ದರು. ಡೋಡೋ ಹಕ್ಕಿ ಅಂದರೆ ಡಾಡ್ಜ್‌ಸನ್, ಬಾತುಕೋಳಿ ಅಂದರೆ ಡಕ್‌ವರ್ತ್, ಲೋರಿ ಗಿಳಿ ಲೊರೀನಾ, ಹದ್ದಿನ ಮರಿ ಈಡಿತ್. ಹಿಂದಿನ ತಿಂಗಳು ಇವರೆಲ್ಲ ಹೀಗೇ ಹೊರಗೆ ಹೋಗಿ ಮಳೆಯಲ್ಲಿ ತೊಯ್ದಿದ್ದರು. ಆ ಪ್ರಸಂಗವೂ ಕತೆಯೊಳಗೆ ಸೇರಿತ್ತು. ತಮ್ಮದೇ ಹೆಸರು, ತಮ್ಮದೇ ಪಾಡು ಕೇಳಿ ಹುಡುಗಿಯರು ನಕ್ಕಿದ್ದರಲ್ಲಿ ಆಶ್ಚರ್ಯವೇನು! ನನ್ನ ಮಗಳ ಮುಂಗುಸಿಯ ಹಾಗೇ.

ಕ್ಯಾರಲ್ ಮುಂದೆ ಮಾಡಿದ್ದು ನನಗೆ ಮುಖ್ಯ ಅನ್ನಿಸುತ್ತೆ. 1863ರಲ್ಲಿ ಕತೆಯ ಕೈಬರಹವನ್ನು ಗೆಳೆಯ, ಲೇಖಕ ಜಾರ್ಜ್ ಮ್ಯಾಕ್‌ಡೊನಾಲ್ಡ್ ಮನೆಗೆ ಕೊಟ್ಟರು. ಓದಿ ಹೇಳಿದ್ದು ಮಕ್ಕಳ ತಾಯಿ. ಕೇಳಿದ ಮಕ್ಕಳು ಆ ದೋಣಿಯಲ್ಲಿ ಇರಲಿಲ್ಲ, ಆ ಮಳೆಯಲ್ಲಿ ನೆನೆದಿರಲಿಲ್ಲ. ಆದರೂ ಮೆಚ್ಚಿಕೊಂಡರು. ಇಂಥ ಪುಸ್ತಕ ಅರವತ್ತು ಸಾವಿರ ಇರಬೇಕಿತ್ತು ಅಂತ ಪುಟ್ಟ ಗ್ರೆವಿಲ್ ಅಂದನಂತೆ. ದೊಡ್ಡವನಾದ ಮೇಲೆ ತನ್ನ ನೆನಪುಗಳಲ್ಲಿ ಅವನೇ ಇದನ್ನು ಬರೆದಿದ್ದಾನೆ.

ಹೊಗಳಿಕೆ ಸಿಕ್ಕಿತು ಅಂತ ಕ್ಯಾರಲ್ ಇದ್ದದ್ದನ್ನು ಇದ್ದ ಹಾಗೇ ಅಚ್ಚಿಗೆ ಕೊಡಲಿಲ್ಲ. ಮಳೆಯ ಆ ಖಾಸಗಿ ಪ್ರಸಂಗವನ್ನು ತೆಗೆದು, ಅದರ ಜಾಗದಲ್ಲಿ ಯಾರು ಬೇಕಾದರೂ ನಗಬಹುದಾದ ಓಟದ ಪಂದ್ಯ ಹಾಕಿದರು. ಮೊದಲ ಕೈಬರಹದಲ್ಲಿ ಚೆಷೈರ್ ಬೆಕ್ಕೂ ಇರಲಿಲ್ಲ, ಹುಚ್ಚು ಟೀ ಪಾರ್ಟಿಯೂ ಇರಲಿಲ್ಲ! ಇವತ್ತು ಎಲ್ಲರಿಗೂ ನೆನಪಿರುವ ಆ ಭಾಗಗಳು ಆಮೇಲೆ ಸೇರಿದವು.

ಪುಸ್ತಕದ ಮೇಲೆ ಮ್ಯಾಕ್‌ಮಿಲನ್ ಹೆಸರಿತ್ತು, ಖರ್ಚು ಮಾತ್ರ ಲೇಖಕರದ್ದೇ. ಪ್ರಕಾಶಕರದ್ದು ಬರೀ ಕಮಿಷನ್. 1865ರಲ್ಲಿ 2000 ಪ್ರತಿ ಅಚ್ಚಾದಾಗ, ಚಿತ್ರ ಬರೆದ ಜಾನ್ ಟೆನಿಯಲ್, ಚಿತ್ರಗಳು ಸರಿಯಾಗಿ ಮೂಡಿಲ್ಲ ಅಂದರು. ಕ್ಯಾರಲ್ ಇಡೀ ಮುದ್ರಣವನ್ನೇ ವಾಪಸ್ ತೆಗೆದುಕೊಂಡರು. ಗೆಳೆಯರಿಗೆ ಕೊಟ್ಟ ಪ್ರತಿಗಳನ್ನೂ ಕೇಳಿ ಪಡೆದು, ಆಮೇಲೆ ಮಕ್ಕಳ ಆಸ್ಪತ್ರೆಗಳಿಗೆ ಕೊಟ್ಟುಬಿಟ್ಟರು. ಮತ್ತೆ ಅಚ್ಚು ಹಾಕಿಸಿದ ಮೇಲೆ 2000 ಮಾರಿದರೂ 200 ಪೌಂಡ್ ಕೈಬಿಡುತ್ತೆ ಅಂತ ಡೈರಿಯಲ್ಲಿ ಲೆಕ್ಕ ಬರೆದುಕೊಂಡರು. ಗಣಿತದ ಮೇಷ್ಟ್ರಲ್ಲವಾ! ಲೆಕ್ಕ ಗೊತ್ತಿದ್ದೇ ಮುಂದೆ ಹೋದರು.

ಹೊಸ ಮುದ್ರಣಕ್ಕೆ ಆ ಡಿಸೆಂಬರ್‌ನಲ್ಲೇ 'ಅಥೀನಿಯಂ' ಪತ್ರಿಕೆಯ ವಿಮರ್ಶೆ ಬಂತು. ಮಕ್ಕಳು ಇದನ್ನು ಓದಿ ಖುಷಿಪಡುವುದಕ್ಕಿಂತ ತಬ್ಬಿಬ್ಬಾಗುತ್ತಾರೆ ಅನ್ನೋದು ಅದರ ತೀರ್ಪು. ಪತ್ರಿಕೆಗೆ ಕಾಣದ್ದು ಗ್ರೆವಿಲ್‌ಗೆ ಕಂಡಿತ್ತು.

ನಮ್ಮಲ್ಲೂ ಲೇಖಕರು ಓದುಗರನ್ನು ಹುಡುಕಿಕೊಂಡು ಹೋದದ್ದುಂಟು. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಅವರು ಹೋದ ಊರುಗಳಲ್ಲಿ ಕೇಳುವ ಕಿವಿ ಕನ್ನಡದ್ದೇ ಆಗಿತ್ತು. ನನ್ನ ಕಷ್ಟ ಬೇರೆ. ಹೋದ ತಿಂಗಳು ಪರಿಚಯದವರ ಮನೆಯ ಒಂಬತ್ತು ವರ್ಷದ ಹುಡುಗನಿಗೆ ಪುಸ್ತಕ ಕೊಟ್ಟೆ. 12ನೇ ಪುಟಕ್ಕೆ ಮುಚ್ಚಿಟ್ಟ. "ಅವನಿಗೆ ಕನ್ನಡ ಅಷ್ಟು ಬರಲ್ಲ, ಬೇಜಾರ್ ಮಾಡ್ಕೋಬೇಡಿ" ಅಂದರು ಅವರಮ್ಮ. ಹುಡುಗ ತಲೆ ತಗ್ಗಿಸಿದ. ನಾನೂ ಸುಮ್ಮನೆ ತಲೆಯಾಡಿಸಿ ಬಂದೆ. ಮನೆಗೆ ಬಂದು 12ನೇ ಪುಟ ಓದಿದರೆ, ಎರಡು ಪುಟದಿಂದ ಬರೀ ಹಿತ್ತಲಿನ ವರ್ಣನೆ. ಏನೂ ನಡೆಯೋದೇ ಇಲ್ಲ. ತಪ್ಪು ನನ್ನದು, ತಲೆ ತಗ್ಗಿಸಿದ್ದು ಆ ಹುಡುಗ.

ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ಎಷ್ಟು ಸಲ ಆಗಿದೆಯೋ. ಪುಸ್ತಕ ಸಪ್ಪೆ ಇದ್ದರೂ ದೂರು ಮಗುವಿನ ಕನ್ನಡದ ಮೇಲೆ. ದೊಡ್ಡವರಾದ ಮೇಲೆ ಕನ್ನಡ ಕಲಿಯುತ್ತಾ ಇದನ್ನು ಓದುತ್ತಿರುವ ನಿಮಗೂ ಈ ಅನುಭವ ಇರಬಹುದು.

ಅದಕ್ಕೇ ಕೇಳ್ತಿದ್ದೀನಿ. ನನ್ನ ಹತ್ತಿರ ಇನ್ನೂ 31 ಪ್ರತಿ ಇವೆ. ನನ್ನನ್ನಾಗಲಿ ಆ ಹಿತ್ತಲನ್ನಾಗಲಿ ನೋಡಿರದ ಎಂಟರಿಂದ ಹನ್ನೆರಡು ವರ್ಷದ ಮಕ್ಕಳು ಬೇಕು. ತಾನೇ ಓದಲಿ, ಇಲ್ಲವೇ ನೀವು ಓದಿ ಹೇಳಿ. ಹೊಗಳಿಕೆ ಬೇಡ, ಸ್ಟಾರೂ ಬೇಡ. ಎಷ್ಟನೇ ಪುಟದಲ್ಲಿ ಮಗು ಆಕಳಿಸಿತು, ಎಲ್ಲಿ 'ಆಮೇಲೆ?' ಅಂತ ಕೇಳಿತು, ಎಲ್ಲಿ ಪದ ಗೊತ್ತಾಗದೆ ನಿಂತಿತು, ಎಲ್ಲಿ ಬೇಜಾರಾಗಿ ನಿಂತಿತು, ಇಷ್ಟೇ ಬರೆದು ಕಳಿಸಿ. ಕೊನೆಯ ಎರಡನ್ನು ಬೇರೆ ಬೇರೆ ಬರೆಯೋದು ಮರೀಬೇಡಿ.

12ನೇ ಪುಟ ಈಗಾಗಲೇ ತಿದ್ದಿದ್ದೀನಿ. ಆ ಹುಡುಗನ ಮನೆಗೆ ಇನ್ನೊಂದು ಸಲ ಹೋಗಬೇಕು. ತಪ್ಪು ಯಾರದಿತ್ತು ಅಂತ ಅವನಿಗೆ ಹೇಳಬೇಕು.