ಗಸಗಸೆ ಪಾಯಸ, ಮಾರ್ಫಿನ್ ಮತ್ತು ದೊಡ್ಡಪ್ಪ

ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ನಿದ್ದೆ ಹೊಡೆಯದವರು ಯಾರಿದ್ದೀರಿ, ಕೈ ಎತ್ತಿ ನೋಡೋಣ :-) ಆ ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ. ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ಅಸಲು ಸರಕು ಇರುವುದು ಹಸಿ ಕಾಯಿ ಗೀರಿದಾಗ ಒಸರುವ ಹಾಲಿನಲ್ಲಿ. (ಆದರೂ ದುಬೈಗೆ ಹೊರಟವರ ಬ್ಯಾಗಿಗೆ ಗಸಗಸೆ ತುಂಬಬೇಡಿ, ಅಲ್ಲಿ ನಿಷಿದ್ಧ.)

ಈ ಗಿಡದ ಹಿಂದೆ ನಾನು ಬಿದ್ದದ್ದು ನಮ್ಮ ದೊಡ್ಡಪ್ಪನಿಂದಾಗಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಕಾರ್ಖಾನೆಯಲ್ಲೇ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಕೈಗೆ ಕೆಂಡ ಬಿದ್ದರೂ ಉಫ್ ಅನ್ನದ ಮನುಷ್ಯ, 1996ರಲ್ಲಿ ಕ್ಯಾನ್ಸರ್ ಮೂಳೆಗೆ ಇಳಿದಾಗ ರಾತ್ರಿಯಿಡೀ ನರಳುತ್ತಿದ್ದರು. ಡಾಕ್ಟರು ಮಾರ್ಫಿನ್ ಬರೆದುಕೊಟ್ಟರು. ಚೀಟಿ ಹಿಡಿದು ಭದ್ರಾವತಿ ಮುಗಿಸಿ, ಶಿವಮೊಗ್ಗಕ್ಕೆ ಬಂದು ದುರ್ಗಿಗುಡಿ, ನೆಹರು ರೋಡ್ ಎಲ್ಲಾ ಸುತ್ತಿದೆ. ಎಲ್ಲೆಡೆ ಒಂದೇ ಮಾತು: "ಅದನ್ನ ನಾವು ಇಟ್ಕೊಳ್ಳಲ್ಲ ಸಾರ್."

ಯಾಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬ್ರಿಟಿಷರು 1820ರಲ್ಲಿ ಗಾಜೀಪುರದಲ್ಲಿ ಅಫೀಮಿನ ಕಾರ್ಖಾನೆ ಹಾಕಿ, ನಮ್ಮ ರೈತರಿಂದ ಬೆಳೆಸಿದ ಅಫೀಮನ್ನು ಚೀನಾಕ್ಕೆ ಸಾಗಿಸಿ ದುಡ್ಡು ಮಾಡಿದರು. ಅದಕ್ಕೂ ಮೊದಲೇ, 1805ರ ಆಸುಪಾಸಿನಲ್ಲಿ, ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧದಂಗಡಿಯ ಹುಡುಗ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ್ದ. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಮಾತ್ರ 1973ರವರೆಗೆ ಕಾಯಬೇಕಾಯಿತು. ಮಿದುಳಿನಲ್ಲಿ ಅದು ಕೂರಲೆಂದೇ ಇರುವ ಜಾಗಗಳು ಆಗ ಸಿಕ್ಕವು. ಗಿಡದ ಹಾಲಿಗೆ ನಮ್ಮ ಮಿದುಳಿನಲ್ಲಿ ಜಾಗ ಯಾಕೆ? 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಉತ್ತರ ಕಂಡುಕೊಂಡರು. ನೋವು ತಗ್ಗಿಸುವ ಅಂಥದ್ದೇ ವಸ್ತುವನ್ನು ನಮ್ಮ ಮೈ ತಾನೇ ತಯಾರಿಸುತ್ತದೆ. ಜಾಗ ಇರುವುದು ಅದಕ್ಕೆ; ಮಾರ್ಫಿನ್ ಅಲ್ಲಿ ಹೋಗಿ ಕೂರುತ್ತದೆ.

ಬೆನ್ನುಹುರಿಯಲ್ಲಿ ಒಂದು ನರ ಇನ್ನೊಂದಕ್ಕೆ ನೋವಿನ ಸುದ್ದಿ ದಾಟಿಸುವಲ್ಲಿ ಮಾರ್ಫಿನ್ ಕೂತರೆ, ನರದೊಳಗೆ ಬರುವ ಕ್ಯಾಲ್ಸಿಯಂ ಕಡಿಮೆಯಾಗಿ ಸುದ್ದಿ ಹೊರಡುವುದೇ ಇಲ್ಲ, ಅಥವಾ ಕ್ಷೀಣವಾಗಿ ಹೊರಡುತ್ತದೆ. ಮಿದುಳಿನಲ್ಲಂತೂ ನೋವಿನ ಸಂಕಟವನ್ನೇ ಮಂಕಾಗಿಸುತ್ತದೆ. ಅದೇ ಜಾಗಗಳು ಕರುಳಿನಲ್ಲೂ ಇರುವುದರಿಂದ ಮಲಬದ್ಧತೆ. ಉಸಿರಾಟ ನಡೆಸುವ ಕಡೆಯೂ ಇರುವುದರಿಂದ ಡೋಸ್ ಮೀರಿದರೆ ಉಸಿರೇ ನಿಲ್ಲಬಹುದು. ಚಟದ ಭಯವೂ ಸುಳ್ಳಲ್ಲ.

ಆ ಭಯದಿಂದ ಬಂದದ್ದೇ 1985ರ ಎನ್‌ಡಿಪಿಎಸ್ ಕಾಯ್ದೆ. ಕಠಿಣ ಶಿಕ್ಷೆ, ಒಂದರ ಮೇಲೊಂದು ಲೈಸೆನ್ಸ್. ಅಂಗಡಿಯವರು ಕೈತೊಳೆದುಕೊಂಡರು. 1997ರ ಹೊತ್ತಿಗೆ ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಬಿದ್ದುಹೋಗಿತ್ತು. ಅದೂ ಎಲ್ಲಿ? ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸಿ, ಹೊರದೇಶದ ಔಷಧ ಕಂಪನಿಗಳಿಗೆ ಮಾರುತ್ತಿದ್ದ ದೇಶದಲ್ಲಿ! ಕಾಯ್ದೆ ತಿದ್ದಿ ಲೈಸೆನ್ಸಿನ ಗೋಜಲು ಬಿಡಿಸಿದ್ದು 2014ರಲ್ಲಿ.

ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಿಂದ ಗುಳಿಗೆ ತಂದೆ. ಎರಡನೇ ದಿನ ದೊಡ್ಡಪ್ಪ ದಿಂಬಿಗೆ ಒರಗಿ ಕೂತಿದ್ದರು. "ಹೇಗಿದೆ ದೊಡ್ಡಪ್ಪ?" ಅಂದೆ.

"ನೋವು ಇದೆಯಪ್ಪಾ, ಆದ್ರೆ ಪಕ್ಕದ ಮನೇಲಿ ಇದ್ದ ಹಾಗಿದೆ" ಅಂದು, ದೊಡ್ಡಮ್ಮನ ಹತ್ತಿರ ಕಾಫಿ ಕೇಳಿದರು.