ಆತಕೂರಿನ ಕಾಳಿಯೂ ಗಿರಣಿಯ ಊರಿನ ನಾಯಿಯೂ

ಹಗಲೆಲ್ಲ ಮನೆಯಿಂದ ಹೊರಗೆ ದುಡಿಯುವವನು ನಾಯಿಯನ್ನು ಸಾಕಿದರೆ, ಅವನಿಲ್ಲದ ಹೊತ್ತಿನಲ್ಲಿ ಅದರ ಯೋಗಕ್ಷೇಮವು ಯಾರ ಪಾಲಿನದು? ದಾವಣಗೆರೆಯಂತಹ ದುಡಿಮೆಯ ಊರಿನಲ್ಲಿ ಈ ಪ್ರಶ್ನೆಯು ಏಳುವುದು ಸಹಜವೇ ಸರಿ. ಇದು ಹೊಸಕಾಲದ ತೊಡಕೆಂದು ತೋರಿದರೂ ಇದಕ್ಕೆ ತಕ್ಕ ಉತ್ತರವು ಕನ್ನಡನಾಡಿನ ಹಳೆಯ ಶಾಸನವೊಂದರಲ್ಲಿಯೇ ದೊರೆಯುವುದು.

ಪೂರ್ವದಲ್ಲಿ ದೀರ್ಘವಾದ ದುಡಿಮೆಯೇ ನಾಯಿಯನ್ನು ಸಾಕುವುದಕ್ಕೆ ಕಾರಣವಾಗಿದ್ದಿತು. ಕುರಿಗಾಹಿಯು ಹಗಲಿರುಳೂ ಅಡವಿಯಲ್ಲಿದ್ದರೆ ನಾಯಿಯೂ ಅಲ್ಲಿಯೇ ಮಂದೆಯನ್ನು ಕಾಯುತ್ತಿದ್ದಿತು. ಒಡೆಯನ ಬುತ್ತಿಯಲ್ಲಿ ಅದಕ್ಕೂ ಪಾಲಿದ್ದಿತು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ಸೀಮೆ. ಅಲ್ಲಿಯ ದೇವರಗುಡ್ಡದ ಮೈಲಾರಲಿಂಗನ ಸನ್ನಿಧಿಯಲ್ಲಿ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ ಬೊಗಳುವರು. ದೋಣಿಯಲ್ಲಿಟ್ಟ ಆಹಾರವನ್ನು ಬಾಯಿಂದಲೇ ಸ್ವೀಕರಿಸುವರು. ಕುರಿಗಾಹಿಗಳ ಆ ದೇವರಿಗೆ ನಾಯಿಯು ಎಷ್ಟು ಸಮೀಪವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಶಾಸನದ ಮಾತು. ಶಕ 872, ಎಂದರೆ ಕ್ರಿ. ಶ. 949–50ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನೆಂಬ ಭಟನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿಯು ಕಾಡುಹಂದಿಯೊಂದರೊಡನೆ ಹೋರಲು, ಎರಡೂ ಸತ್ತವು. ಮಣಲೇರನು ಮದ್ದೂರು ಸೀಮೆಯ ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಗಮನಿಸಬೇಕಾದುದು ಮತ್ತೊಂದುಂಟು. ಆ ಕಲ್ಲನ್ನು ಪೂಜಿಸದೆ ಗುಡಿಯ ಗೊರವನು ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನವು ವಿಧಿಸುವುದು. ಯುದ್ಧವೇ ವೃತ್ತಿಯಾದವನು ನಿತ್ಯವೂ ಆತಕೂರಿನಲ್ಲಿರಲಾರನಷ್ಟೆ. ಆದುದರಿಂದ ನಾಯಿಯ ಮೇಲಣ ತನ್ನ ಋಣವನ್ನು ಇಂಥವನೇ ತೀರಿಸತಕ್ಕದ್ದೆಂದು ಗೊತ್ತುಮಾಡಿ, ಅದಕ್ಕೆ ಬೇಕಾದ ಜೀವನೋಪಾಯವನ್ನೂ ಕಲ್ಪಿಸಿದನು. ಮನುಸ್ಮೃತಿಯೂ ಗೃಹಸ್ಥನು ಉಣ್ಣುವ ಮೊದಲು ನೆಲದ ಮೇಲೆ ಮೆಲ್ಲನೆ ಅನ್ನವನ್ನಿಡಬೇಕೆಂದು ಹೇಳುವಾಗ ನಾಯಿಗಳನ್ನು ಮರೆತಿಲ್ಲ.

ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ತಲೆಯೆತ್ತಿದ ಮೇಲೆ, ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಆರಂಭವಾದ ಮೇಲೆ, ದುಡಿಮೆಯ ರೀತಿಯೇ ಬೇರೆಯಾಯಿತು. ಅಡವಿಗೆ ಒಡನೆ ಹೋಗುತ್ತಿದ್ದ ನಾಯಿಯು ಕಾರ್ಖಾನೆಯ ಬಾಗಿಲಲ್ಲಿಯೇ ನಿಲ್ಲಬೇಕಾಯಿತು. 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ 48 ಗಂಟೆಗಳೆಂದು ಕಾರ್ಮಿಕನ ದುಡಿಮೆಗೆ ಮಿತಿಯನ್ನು ಕಟ್ಟಿತು. ಕಾದಿರುವ ಪ್ರಾಣಿಯ ಗೋಳನ್ನು ಕೇಳಿದುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ: ಸಾಕಷ್ಟು ಅನ್ನ, ನೀರು, ಆಸರೆಗಳನ್ನು ಕೊಡದಿರುವುದು ಅಪರಾಧ, ಸದಾ ಕಟ್ಟಿಹಾಕಿದ ನಾಯಿಯನ್ನು ತಾನಾಗಲಿ, ಇತರರ ಮೂಲಕವಾಗಲಿ ಅಡ್ಡಾಡಿಸದಿರುವುದೂ ಅಪರಾಧ.

‘ಇತರರ ಮೂಲಕವಾಗಲಿ’ ಎಂಬಲ್ಲಿ ಮಣಲೇರನ ವಿವೇಕವೇ ಮತ್ತೆ ಕಾಣುವುದು. ದುಡಿಯುವವನು ನಾಯಿಯನ್ನು ಸಾಕಬಾರದೆಂದು ಶಾಸನವೂ ಹೇಳದು, ಕಾಯಿದೆಯೂ ಹೇಳದು. ಆದರೆ ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿ, ಆಸ್ಪತ್ರೆ, ಅಂಗಡಿ, ಕಚೇರಿಗಳ ದುಡಿಮೆಯು ಮುಂದುವರಿದಿರುವ ಈ ಊರಿನಲ್ಲಿ, ಮರಿಯನ್ನು ಮನೆಗೆ ತರುವ ಮೊದಲೇ ಯೋಚಿಸಬೇಕು: ಒಡೆಯನು ಹೊರಗಿರುವಾಗ ಅದಕ್ಕೆ ಉಣಿಸದೆ ತಾನು ಉಣ್ಣದವರು ಮನೆಯಲ್ಲಿ ಯಾರಿದ್ದಾರೆ? ಅಂಥವರಿಲ್ಲವಾದರೆ ಮರಿಯನ್ನು ತಾರದಿರುವುದೇ ದಯೆ.