ಸಕ್ಕರೆ ಅಚ್ಚಿನಲ್ಲಿ ಹ್ಯಾಲೋವೀನ್ ಭೂತ: ಮಕ್ಕಳಿಗೆ ಹೊಗೆಯಿಲ್ಲದ, ಬಣ್ಣವಿಲ್ಲದ ಸಿಹಿ

ಮಂಡ್ಯ: ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ 31ರ ರಾತ್ರಿ ಆಚರಿಸುವ ಹ್ಯಾಲೋವೀನ್ ಹಬ್ಬ ಈಗ ಬೆಂಗಳೂರಿನಂತಹ ನಗರಗಳ ವಸತಿ ಸಮುಚ್ಚಯಗಳಿಗೂ ಕೆಲವು ಶಾಲೆಗಳಿಗೂ ಕಾಲಿಟ್ಟಿದೆ. ಭೂತ, ಪಿಶಾಚಿಗಳ ವೇಷ ಧರಿಸಿದ ಮಕ್ಕಳಿಗೆ ಹೆದರಿಕೆ ಹುಟ್ಟಿಸುವ ಆಕಾರದ ಸಿಹಿ ತಿನಿಸು ನೀಡುವುದು ಈ ಹಬ್ಬದ ವಾಡಿಕೆ. ಇದಕ್ಕಾಗಿ ಗಾಢ ಬಣ್ಣದ ಕೇಕನ್ನೋ ಹೊಗೆ ಉಗುಳುವ ತಿನಿಸನ್ನೋ ಅರಸಿ ಹೋಗಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಚಿರಪರಿಚಿತವಾದ ಸಕ್ಕರೆ, ಬೆಲ್ಲ, ರಾಗಿ ಹುರಿಹಿಟ್ಟು ಮತ್ತು ಸಿಹಿಗುಂಬಳ ಇದ್ದರೆ ಮಣ್ಣಿನಿಂದ ಎದ್ದು ಬರುತ್ತಿರುವ ಬಿಳಿ ಭೂತಗಳ ಬಟ್ಟಲನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು.

ಹೊಸದಲ್ಲದ ಭೂತ

ಹ್ಯಾಲೋವೀನ್‌ನ ಗುರುತಾದ ಮುಖ ಕೊರೆದ ಕುಂಬಳಕಾಯಿ ಕನ್ನಡಿಗರಿಗೆ ತೀರಾ ಅಪರಿಚಿತವಲ್ಲ. ಹೊಸ ಮನೆ, ಅಂಗಡಿಗಳ ಮುಂದೆ ದೃಷ್ಟಿ ತಾಗದಿರಲೆಂದು ರಾಕ್ಷಸನ ಮುಖ ಬರೆದ ಬೂದುಗುಂಬಳವನ್ನು ತೂಗುಹಾಕುವ ರೂಢಿ ಇಲ್ಲಿ ಇಂದಿಗೂ ಇದೆ. ಐರ್ಲೆಂಡ್‌ನಲ್ಲಿ ಮೊದಲು ಟರ್ನಿಪ್ ಗಡ್ಡೆಯಲ್ಲಿ ಮುಖ ಕೊರೆಯುತ್ತಿದ್ದರು. ವಲಸೆ ಹೋದವರೊಂದಿಗೆ ಈ ಪದ್ಧತಿ ಅಮೆರಿಕ ತಲುಪಿದಾಗ ಗಡ್ಡೆಯ ಸ್ಥಾನವನ್ನು ಸಿಹಿಗುಂಬಳ ಆಕ್ರಮಿಸಿತು.

ಮೆಕ್ಸಿಕೊ ದೇಶದಲ್ಲಿ ನವೆಂಬರ್ 1 ಮತ್ತು 2ರಂದು ಮೃತ ಹಿರಿಯರನ್ನು ನೆನೆಯುವ ಹಬ್ಬದಲ್ಲಿ ಸಕ್ಕರೆಯನ್ನು ಅಚ್ಚಿಗೆ ಹಾಕಿ ತಲೆಬುರುಡೆಗಳನ್ನು ಮಾಡಲಾಗುತ್ತದೆ. ಸಂಕ್ರಾಂತಿಗೆ ಎಳ್ಳುಬೆಲ್ಲದೊಂದಿಗೆ ಬೀರುವ ಆನೆ, ಗಿಳಿ, ಗೋಪುರ, ತುಳಸಿಕಟ್ಟೆ ಆಕಾರದ ಸಕ್ಕರೆ ಅಚ್ಚುಗಳಿಗೂ ಈ ಬುರುಡೆಗಳಿಗೂ ಆಕಾರವೊಂದನ್ನು ಬಿಟ್ಟರೆ ಹೆಚ್ಚಿನ ಅಂತರವಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಕಬ್ಬಿನ ಸೀಮೆಯಾಗಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದ ಬಳಿಕ ‘ಸಕ್ಕರೆ ನಾಡು’ ಎಂದು ಹೆಸರಾದ ಮಂಡ್ಯಕ್ಕೆ ಇದು ಸಹಜವಾಗಿ ಒಗ್ಗುವ ತಿನಿಸು.

ಬೇಕಾಗುವ ಸಾಮಗ್ರಿಗಳು

ಭೂತಗಳಿಗೆ: ಸಕ್ಕರೆ 500 ಗ್ರಾಂ, ನೀರು 250 ಮಿಲಿ ಲೀಟರ್, ಹಾಲು 2 ದೊಡ್ಡ ಚಮಚ, ಕಣ್ಣಿಗೆ ಕರಿ ಎಳ್ಳು.

ಹಲ್ವಕ್ಕೆ: ತುರಿದ ಸಿಹಿಗುಂಬಳ 2 ಬಟ್ಟಲು, ಪುಡಿ ಮಾಡಿದ ಬೆಲ್ಲ ಮುಕ್ಕಾಲು ಬಟ್ಟಲು, ತುಪ್ಪ 3 ದೊಡ್ಡ ಚಮಚ, ಏಲಕ್ಕಿ ಪುಡಿ ಸ್ವಲ್ಪ.

ಮಣ್ಣಿಗೆ: ರಾಗಿ ಹುರಿಹಿಟ್ಟು ಅರ್ಧ ಬಟ್ಟಲು, ಬೆಲ್ಲದ ಪುಡಿ 2 ದೊಡ್ಡ ಚಮಚ.

ಭೂತಗಳನ್ನು ಮಾಡುವ ವಿಧಾನ

ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿಡಬೇಕು. ಒಣ ಮರಕ್ಕೆ ಪಾಕ ಅಂಟಿಕೊಂಡರೆ ಅಚ್ಚು ಬಿಡಿಸುವಾಗ ಮುರಿಯುತ್ತದೆ. ಭೂತ ಅಥವಾ ಬುರುಡೆಯ ಆಕಾರಕ್ಕೆ ಶಾಖ ತಡೆಯುವ ಸಿಲಿಕಾನ್ ಅಚ್ಚು ಬಳಸಬಹುದು. ಇದನ್ನು ನೆನೆಸುವ ಅಗತ್ಯವಿಲ್ಲ.

ಸಕ್ಕರೆಗೆ ನೀರು ಬೆರೆಸಿ ಕುದಿಸಬೇಕು. ಕುದಿಯುವಾಗ ಹಾಲು ಹಾಕಿದರೆ ಸಕ್ಕರೆಯಲ್ಲಿನ ಕೊಳೆ ನೊರೆಯೊಂದಿಗೆ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ನಂತರ ಒಂದೆರಡು ಸೌಟು ಪಾಕವನ್ನು ಮಾತ್ರ ಚಿಕ್ಕ ಬಾಣಲೆಗೆ ಹಾಕಿ ಕಾಯಿಸಬೇಕು. ತಣ್ಣೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾದರೆ ಪಾಕ ಹದಕ್ಕೆ ಬಂದಿದೆ ಎಂದರ್ಥ. ಆಗ ಉರಿ ಆರಿಸಿ ಬಿಡದೆ ತಿರುವಬೇಕು. ಪಾಕ ಬೆಳ್ಳಗಾಗಿ ಮಂದವಾಗುತ್ತಿದ್ದಂತೆ ತಡಮಾಡದೆ ಅಚ್ಚಿಗೆ ಸುರಿಯಬೇಕು. ಪೂರ್ತಿ ಗಟ್ಟಿಯಾದ ನಂತರವೇ ಮೆಲ್ಲಗೆ ಬಿಡಿಸಿಕೊಳ್ಳಬೇಕು.

ಈ ಬಿಳುಪಿಗೆ ತಿರುವುವುದೇ ಕಾರಣ. ನೀರು ಆರಿ ಸಾಂದ್ರವಾದ ಪಾಕವನ್ನು ಕದಡಿದಾಗ ಸಕ್ಕರೆ ಸಣ್ಣ ಹರಳುಗಳಾಗಿ ಮರಳಿ ಗಟ್ಟಿಯಾಗುತ್ತದೆ. ಬೆಲ್ಲದಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅಂಶಗಳು ಸೇರಿರುವುದರಿಂದ ಅದು ಹೀಗೆ ಹರಳುಗಟ್ಟುವುದಿಲ್ಲ. ಆದ್ದರಿಂದ ಭೂತಕ್ಕೆ ಸಕ್ಕರೆ, ಹಲ್ವ ಮತ್ತು ಮಣ್ಣಿಗೆ ಬೆಲ್ಲ ಎಂಬ ವಿಂಗಡಣೆ ಸೂಕ್ತ.

ಮಕ್ಕಳ ಕೈಗೆ ಒಲೆಯಿಲ್ಲದ ವಿಧಾನ

ಕುದಿಯುವ ಸಕ್ಕರೆ ಪಾಕದ ಉಷ್ಣತೆ ಸುಮಾರು 115 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಇದು ಕುದಿಯುವ ನೀರಿಗಿಂತ ಹೆಚ್ಚು. ಮೇಲಾಗಿ ಪಾಕ ಚರ್ಮಕ್ಕೆ ಅಂಟಿಕೊಂಡು ಆಳವಾದ ಸುಟ್ಟಗಾಯ ಮಾಡುತ್ತದೆ. ಹೀಗಾಗಿ ಮೇಲಿನ ಕೆಲಸವನ್ನು ಹಿರಿಯರೇ ಮಾಡಬೇಕು. ಆ ವೇಳೆ ಮಕ್ಕಳನ್ನು ಒಲೆಯಿಂದ ದೂರವಿರಿಸಬೇಕು. ಪಾಕ ತಾಗಿದರೆ ಗಾಯವನ್ನು 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಶಾಯಿ, ಟೂತ್‌ಪೇಸ್ಟ್ ಹಚ್ಚಬಾರದು.

ಮಕ್ಕಳು ತಾವೇ ಭೂತ ಮಾಡಲು ಬಯಸಿದರೆ ಒಲೆ ಬೇಡದ ವಿಧಾನವಿದೆ. ಒಂದು ಬಟ್ಟಲು ಸಕ್ಕರೆಗೆ ಒಂದು ಚಿಕ್ಕ ಚಮಚ ನೀರು ಚಿಮುಕಿಸಿ, ಹಿಡಿದರೆ ಮುಷ್ಟಿಯಲ್ಲಿ ಉಂಡೆ ನಿಲ್ಲುವ ಒದ್ದೆ ಮರಳಿನ ಹದಕ್ಕೆ ಕಲಸಬೇಕು. ಇದನ್ನು ಅಚ್ಚಿನಲ್ಲಿ ಒತ್ತಿ ತುಂಬಿ, ಕಾಗದದ ಮೇಲೆ ಬೋರಲು ಹಾಕಿ, ಒಂದು ರಾತ್ರಿ ಒಣಗಲು ಬಿಟ್ಟರೆ ಗಟ್ಟಿಯಾಗುತ್ತದೆ. ಒದ್ದೆಯಿರುವಾಗಲೇ ಕಡ್ಡಿಯಿಂದ ಕಣ್ಣು, ಬಾಯಿ ಕೊರೆದು, ಕುಳಿಗಳಲ್ಲಿ ಕರಿ ಎಳ್ಳು ಒತ್ತಿದರೆ ಭೂತದ ಮುಖ ಸಿದ್ಧ. ಪಾಕದ ಅಚ್ಚುಗಳಿಗಾದರೆ ಎಳ್ಳನ್ನು ತುಸು ಬೆಲ್ಲದ ಪಾಕದಲ್ಲಿ ಅಂಟಿಸಬೇಕು.

ಮಣ್ಣು, ಹಲ್ವ ಮತ್ತು ಜೋಡಣೆ

ಕುಂಬಳದ ತುರಿಯನ್ನು ತುಪ್ಪದಲ್ಲಿ ಹುರಿದು, ನೀರಿನಂಶ ಆರುವವರೆಗೆ ಬೇಯಿಸಬೇಕು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ ಸೇರಿಸಿ, ತಳ ಬಿಡುವ ತನಕ ಮಗುಚಿ, ಏಲಕ್ಕಿ ಪುಡಿ ಬೆರೆಸಿ ಇಳಿಸಬೇಕು. ಬೆಲ್ಲ ಕೊಳ್ಳುವಾಗ ಹಳದಿ ಹೊಳಪಿಗೆ ಮಾರುಹೋಗದಿರುವುದು ಒಳಿತು. ಬಣ್ಣ ತಿಳಿಯಾಗಿಸಲು ಕೆಲವೆಡೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕವನ್ನು ಬಳಸುವುದುಂಟು. ಈ ಖಾದ್ಯಕ್ಕೆ ಕಂದು ಬಣ್ಣದ ಬೆಲ್ಲವೇ ಹೆಚ್ಚು ಹೊಂದುತ್ತದೆ.

ಆರಿದ ಹಲ್ವವನ್ನು ಬಟ್ಟಲಿನಲ್ಲಿ ಹರಡಿ, ಬೆಲ್ಲದ ಪುಡಿ ಬೆರೆಸಿದ ಹುರಿಹಿಟ್ಟನ್ನು ಮೇಲೆ ಉದುರಿಸಿದರೆ ಅಗೆದ ಮಣ್ಣಿನಂತೆ ಕಾಣುತ್ತದೆ. ಬಡಿಸುವ ಹೊತ್ತಿಗೆ ಸರಿಯಾಗಿ ಭೂತಗಳನ್ನು ಅದರಲ್ಲಿ ಊರಬೇಕು. ಮೊದಲೇ ಊರಿಟ್ಟರೆ ಹಲ್ವದ ತೇವಕ್ಕೆ ಸಕ್ಕರೆ ಕರಗುತ್ತದೆ.

ಹೊಗೆ ಬೇಡ, ಬಣ್ಣ ಬೇಡ

ಭಯದ ವಾತಾವರಣ ಸೃಷ್ಟಿಸಲು ತಿನಿಸಿನಿಂದ ಹೊಗೆ ಏಳುವಂತೆ ಮಾಡುವುದು ಅಪಾಯಕಾರಿ. ಈ ಹೊಗೆಗೆ ಬಳಸುವ ದ್ರವ ಸಾರಜನಕದ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಕೆಳಗಿರುತ್ತದೆ. ಒಣ ಮಂಜುಗಡ್ಡೆಯದು ಸುಮಾರು 78 ಡಿಗ್ರಿ ಕೆಳಗೆ. ಪೂರ್ತಿ ಆವಿಯಾಗುವ ಮುನ್ನ ಬಾಯಿಗೆ ಹಾಕಿಕೊಂಡರೆ ಬಾಯಿ, ಅನ್ನನಾಳ, ಜಠರಗಳಿಗೆ ತೀವ್ರ ಗಾಯವಾಗಬಹುದು. 2024ರಲ್ಲಿ ದಾವಣಗೆರೆಯಲ್ಲಿ ಹೊಗೆ ಬಿಸ್ಕತ್ತು ತಿಂದ ಬಾಲಕನೊಬ್ಬ ನೋವಿನಿಂದ ನರಳಿದ ದೃಶ್ಯ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದ ನಂತರ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಇಂತಹ ತಿನಿಸುಗಳ ವಿರುದ್ಧ ಕ್ರಮಕ್ಕೆ ಮುಂದಾಯಿತು.

ಬಣ್ಣದ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಬಟ್ಟೆಗೆ ಬಳಸುವ ರೋಡಮೈನ್-ಬಿ ಬಣ್ಣ ಬೊಂಬಾಯಿ ಮಿಠಾಯಿಯ ಮಾದರಿಗಳಲ್ಲಿ ಪತ್ತೆಯಾದ ಕಾರಣ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಈ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಭೂತದ ಬಾಯಿಗೆ ರಕ್ತದ ಕೆಂಪು ಬೇಕೆನಿಸಿದರೆ ಬೀಟ್‌ರೂಟ್ ರಸವನ್ನು ಹತ್ತಿಯ ತುದಿಯಲ್ಲಿ ಅದ್ದಿ, ಗಟ್ಟಿಯಾದ ಅಚ್ಚಿಗೆ ಲಘುವಾಗಿ ಸವರಿದರೆ ಸಾಕು. ರಸ ಹೆಚ್ಚಾದರೆ ಸಕ್ಕರೆ ಕರಗುತ್ತದೆ.

ಎಷ್ಟು ಕೊಡಬೇಕು?

ಸಕ್ಕರೆ, ಬೆಲ್ಲದಂತಹ ಸೇರಿಸಿದ ಸಿಹಿಯಿಂದ ಬರುವ ಶಕ್ತಿ ದಿನದ ಒಟ್ಟು ಆಹಾರದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿದೆ. ದಿನಕ್ಕೆ 1,400 ಕಿಲೋ ಕ್ಯಾಲರಿ ಬೇಕಾಗುವ ಮಗುವಿಗೆ ಇದು 35 ಗ್ರಾಂ ಆಗುತ್ತದೆ. ಆದಕಾರಣ ತಲಾ 10 ಗ್ರಾಂ ಮೀರದ ಚಿಕ್ಕ ಅಚ್ಚುಗಳನ್ನು ಆರಿಸಿಕೊಂಡು, ಮಗುವಿಗೊಂದು ಭೂತ, ಎರಡು ಚಮಚ ಹಲ್ವ ಕೊಟ್ಟರೆ ಸಾಕು. ಗಟ್ಟಿ ಅಚ್ಚು ಗಂಟಲಿಗೆ ಸಿಕ್ಕಿಕೊಳ್ಳುವ ಸಂಭವವಿರುವುದರಿಂದ ಐದು ವರ್ಷದೊಳಗಿನವರಿಗೆ ಹಲ್ವ ಮಾತ್ರ ನೀಡುವುದು ಕ್ಷೇಮ.

ಉಳಿದ ಅಚ್ಚುಗಳನ್ನು ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಹಲವು ವಾರ ಕೆಡುವುದಿಲ್ಲ. ಮರದ ಅಚ್ಚುಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ ತೆಗೆದಿಟ್ಟರೆ ಜನವರಿಯ ಸಂಕ್ರಾಂತಿಗೆ ಮತ್ತೆ ಉಪಯೋಗಕ್ಕೆ ಬರುತ್ತವೆ.